ಲಕ್ಕುಂಡಿ ಶಾಸನದ ಫೋಟೋ: ಹೋಮೋಮಾರ್ಫಿಕ್ ಫಿಲ್ಟರ್ ಹಾಕಿದರೆ ಬೆಳಕು ಸಮ, ಅಕ್ಷರ ಮಂಕು

ಗದಗ_ಶಾಸನ:
ಎಲ್ಲರಿಗೂ ನಮಸ್ಕಾರ. ಲಕ್ಕುಂಡಿಯಲ್ಲಿ ಗುಡಿಯೊಳಗಿನ ಒಂದು ಶಾಸನದ ಫೋಟೋ ತೆಗೆದಿದ್ದೇನೆ. ಬೆಳಕು ಎಡಗಡೆ ಬಾಗಿಲಿನಿಂದ ಮಾತ್ರ. ಸಾಲಿನ ಶುರು ಬೆಳ್ಳಗಿದೆ, ಬಲಕ್ಕೆ ಹೋದಂತೆ ಕತ್ತಲು. ಹಿಸ್ಟೋಗ್ರಾಂ ಈಕ್ವಲೈಸೇಶನ್‌ನಿಂದ (ಇಡೀ ಚಿತ್ರದ ಕಪ್ಪು-ಬಿಳುಪು ಮಟ್ಟಗಳನ್ನು ಸಮವಾಗಿ ಹರಡುವುದು) ಉಪಯೋಗವಾಗಲಿಲ್ಲ. ಆಮೇಲೆ ಪೈಥಾನ್‌ನಲ್ಲಿ ಹೋಮೋಮಾರ್ಫಿಕ್ ಫಿಲ್ಟರ್ (ಚಿತ್ರದ ಲಾಗ್ ತೆಗೆದು ಏರುಪೇರಾದ ಬೆಳಕನ್ನು ಅದುಮುವ ವಿಧಾನ) ಬರೆದೆ. ಚಿತ್ರ 2000 × 2000 ಪಿಕ್ಸೆಲ್, ಗಾಸಿಯನ್ ಹೈಪಾಸ್ (ನಿಧಾನ ಬದಲಾವಣೆ ಅದುಮಿ ಸಣ್ಣ ವಿವರ ಎತ್ತುವ, ಮೆಲ್ಲಗೆ ಏರುವ ಫಿಲ್ಟರ್), ಕಟ್‌ಆಫ್ 80 (ಅದುಮುವುದಕ್ಕೂ ಎತ್ತುವುದಕ್ಕೂ ನಡುವಿನ ಗಡಿ), ಗಾಮಾ 0.5 ಮತ್ತು 2 (ಅದುಮುವ ಮತ್ತು ಎತ್ತುವ ಗುಣಕಗಳು). ಈಗ ಬೆಳಕೇನೋ ಸಮ ಆಗಿದೆ. ಆದರೆ ಅಕ್ಷರ ಮಂಕಾಗಿ ಕಲ್ಲಿನ ತರಿಯೇ ಎದ್ದು ಕಾಣುತ್ತದೆ. ಎಡ ಅಂಚಿಗೆ ಬಿಳಿ ಪಟ್ಟಿ, ಬಲ ಅಂಚಿಗೆ ಕಪ್ಪು ಪಟ್ಟಿ ಬೇರೆ ಬಂದಿದೆ.

ಧಾರವಾಡ_ಸಿಗ್ನಲ್:
ಸರ್, ಒಂದು ಅಕ್ಷರ ಎಷ್ಟು ಪಿಕ್ಸೆಲ್ ಎತ್ತರ ಇದೆ?

ಗದಗ_ಶಾಸನ:
ಸುಮಾರು 60 ಇದೆ ಸರ್.

ಧಾರವಾಡ_ಸಿಗ್ನಲ್:
ಹಾಗಾದರೆ ಕಟ್‌ಆಫ್ 80 ಬಹಳ ಜಾಸ್ತಿ ಆಯ್ತು. ಕ್ಯಾಮೆರಾಕ್ಕೆ ಬರುವುದು ಬೆಳಕು ಮತ್ತು ಕಲ್ಲಿನ ಪ್ರತಿಫಲನದ ಗುಣಾಕಾರ. ಲಾಗ್ ತೆಗೆದರೆ ಅದು ಕೂಡಿಕೆ ಆಗುತ್ತದೆ, ಆಗಲೇ ಎರಡನ್ನೂ ಬೇರೆ ಮಾಡಲು ಬರುವುದು. ಬಾಗಿಲಿನ ಬೆಳಕು ಇಡೀ ಚಿತ್ರದುದ್ದಕ್ಕೂ ನಿಧಾನವಾಗಿ ಇಳಿಯುತ್ತದೆ. ಅದು ಫ್ರೀಕ್ವೆನ್ಸಿ (ಚಿತ್ರದುದ್ದಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಎಣಿಕೆ) 1, 2ರ ಹತ್ತಿರ ಇರುತ್ತದೆ. ನಿಮ್ಮ ಅಕ್ಷರದ ಆಕಾರ ಶುರುವಾಗುವುದು 2000 ಭಾಗಿಸು 60, ಅಂದರೆ ಸುಮಾರು 33ರಲ್ಲಿ. ಕಟ್‌ಆಫ್ 80 ಇಟ್ಟರೆ ಅಲ್ಲಿ ಗುಣಕ ಬರೀ 0.62. ಅಕ್ಷರವನ್ನೂ ಬೆಳಕಿನ ಜೊತೆಗೇ ಅದುಮಿದಂತೆ ಆಯಿತು, ಅಲ್ವಾ? ತರಿಗೆ ಮಾತ್ರ ಪೂರ್ತಿ 2 ಸಿಗುತ್ತದೆ. 10 ಇಟ್ಟು ನೋಡಿ, 33ರಲ್ಲೂ ಹೆಚ್ಚುಕಡಿಮೆ 2 ಸಿಗುತ್ತದೆ.

ಪಟ್ಟಿಗಳ ಕಾರಣ ಬೇರೆ. ಎಫ್‌ಎಫ್‌ಟಿ (ಚಿತ್ರವನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಚಿತ್ರದ ಬಲ ಅಂಚನ್ನು ಎಡ ಅಂಚಿಗೆ ಅಂಟಿಕೊಂಡಿದೆ ಅಂತಲೇ ಲೆಕ್ಕ ಹಾಕುತ್ತದೆ. ನಿಮ್ಮಲ್ಲಿ ಕತ್ತಲಿನ ಪಕ್ಕ ನೇರ ಬೆಳಕು ಬಂತು. ನಾಲ್ಕೂ ಕಡೆ 1000 ಪಿಕ್ಸೆಲ್ ಕನ್ನಡಿ ಪ್ಯಾಡಿಂಗ್ (ಅಂಚಿನ ಭಾಗವನ್ನೇ ಕನ್ನಡಿಯಂತೆ ತಿರುಗಿಸಿ ಸೇರಿಸುವುದು) ಕೊಟ್ಟು, ಕೊನೆಗೆ ಕತ್ತರಿಸಿ. ಆಗ ಚಿತ್ರ 4000 ಆಗುತ್ತದೆ, ಹಾಗಾಗಿ ಕಟ್‌ಆಫ್ ಕೂಡ 20 ಆಗಬೇಕು. ಇದನ್ನು ಮರೆಯಬೇಡಿ.

ಹುಬ್ಬಳ್ಳಿ_ಫೋಟೋ:
ಜೆಪೆಗ್ ಫೈಲ್ ಬಳಸುತ್ತಿದ್ದರೆ ಬಿಟ್ಟು ರಾ (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲ್) ತೆಗೆದುಕೊಳ್ಳಿ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್ ಚೌಕಗಳಾಗಿ ಒಡೆದು, ಒಂದೊಂದನ್ನೂ ಡಿಸಿಟಿ ಎಂಬ ಲೆಕ್ಕದಿಂದ ಬೇರೆಯಾಗಿ ಕುಗ್ಗಿಸುತ್ತದೆ. ಕತ್ತಲ ಭಾಗವನ್ನು ಎತ್ತಿದರೆ ಆ ಚೌಕಗಳೂ ಮೇಲೆ ಬರುತ್ತವೆ. ಗಾಸಿಯನ್ ಬದಲು ಥಟ್ಟನೆ ಕತ್ತರಿಸುವ ಐಡಿಯಲ್ ಫಿಲ್ಟರ್ ಹಾಕಿದರೆ ಚೆನ್ನ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಧಾರವಾಡ_ಸಿಗ್ನಲ್:
ಹೌದು, ಶಾಸನಕ್ಕಂತೂ ಅದು ಬೇಡವೇ ಬೇಡ. ಗೆರೆಯ ಪಕ್ಕದಲ್ಲಿ ಇಲ್ಲದ ಗೆರೆ ಹುಟ್ಟುತ್ತದೆ. ಲಕ್ಕುಂಡಿ ಅಂದರೆ ಅಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ 1007ರ ಶಾಸನ ಇರುವಂಥ ಊರು. ಸುಳ್ಳು ಕೊಂಬು, ಸುಳ್ಳು ಒತ್ತು ಸೇರಿಸಿ ಓದಿದರೆ ಹೆಸರೇ ಬದಲಾದೀತು. ಓದುವಾಗ ಮೂಲ ಫೋಟೋ ಪಕ್ಕದಲ್ಲೇ ತೆರೆದಿಟ್ಟುಕೊಳ್ಳಿ.

ಗದಗ_ಶಾಸನ:
ಪ್ಯಾಡಿಂಗ್, ಕಟ್‌ಆಫ್ 20, ರಾ ಫೈಲ್ ಮೂರೂ ಮಾಡಿದೆ. ಪಟ್ಟಿ ಹೋಯಿತು, ಬಲಗಡೆಯ ಸಾಲುಗಳೂ ಓದಲು ಬರುತ್ತಿವೆ. ತುಂಬಾ ಧನ್ಯವಾದ. ಆದರೆ ಒಟ್ಟು ಚಿತ್ರ ಬೂದು ಬೂದಾಗಿದೆ.

ಧಾರವಾಡ_ಸಿಗ್ನಲ್:
ಕೊನೆಯಲ್ಲಿ ಅತಿ ಕಡಿಮೆ, ಅತಿ ಹೆಚ್ಚು ಬೆಲೆ ಹಿಡಿದು 0–255ಕ್ಕೆ ಹಿಗ್ಗಿಸಿರಬೇಕು. ನಾಲ್ಕು ಬಿಳಿ ಚುಕ್ಕೆ ಇದ್ದರೂ ಸಾಕು, ಉಳಿದದ್ದೆಲ್ಲ ಒತ್ತಿಕೊಂಡು ಬೂದಾಗುತ್ತದೆ. ಕೆಳಗಿನ 1%, ಮೇಲಿನ 1% ಬಿಟ್ಟು ಹಿಗ್ಗಿಸಿ.