ಅಪ್‌ಡೇಟ್: 4294967297 ಕೊನೆಗೂ ಒಡೆಯಿತು

ಪಿಯುಸಿ ಓದುತ್ತಿರುವ ಅಣ್ಣನ ಮಗಳಿಗೆ 4294967297 ಅವಿಭಾಜ್ಯವೋ ಅಲ್ಲವೋ ಅಂತ ಕಂಪ್ಯೂಟರ್ ಮುಟ್ಟದೆ ಹೇಗೆ ತೋರಿಸಲಿ ಎಂದು ದಾವಣಗೆರೆಯಿಂದ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಇದು 2ರ 32ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆ. 32ರ ಬದಲು 1, 2, 4, 8, 16ನೇ ಘಾತ ತಗೊಂಡರೆ ಸಿಗುವ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಮುಂದಿನವೂ ಹಾಗೇ ಅಂತ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದನ್ನು ಅಪವರ್ತನಗಳಾಗಿ ಒಡೆದು ತೋರಿಸಿದ.

ಕೆಲಸಕ್ಕೆ ಬಂದಿದ್ದು ಒಂದೇ ಸಲಹೆ: ಇದರ ಅವಿಭಾಜ್ಯ ಅಪವರ್ತನ ಯಾವುದಿದ್ದರೂ 64ರ ಗುಣಕಕ್ಕೆ 1 ಕೂಡಿಸಿದಂತೆ ಇರಲೇಬೇಕು. ಹಾಗಾಗಿ ನೋಡಬೇಕಾದದ್ದು ಅಂಥ ಅವಿಭಾಜ್ಯಗಳನ್ನು ಮಾತ್ರ: 193, 257, 449, 577, 641. ಐದನೆಯದಕ್ಕೇ ಶೇಷ ಸೊನ್ನೆ! ಭಾಗಲಬ್ಧ 6700417. (577 ಬಂದಾಗ ಹುಡುಗಿಗೆ ಖುಷಿ. ದಾವಣಗೆರೆ, ಚಿತ್ರದುರ್ಗ ಎರಡರ ಪಿನ್‌ಕೋಡೂ ಅದರಿಂದಲೇ ಶುರು ಅಲ್ವಾ? ಆದರೆ ಭಾಗ ಹೋಗಲಿಲ್ಲ.)

257ಕ್ಕಂತೂ ಭಾಗಾಕಾರವೇ ಬೇಡ. 2ರ 8ನೇ ಘಾತ 256, ಅಂದರೆ 257ಕ್ಕೆ ಒಂದು ಕಮ್ಮಿ. ಅದರ ವರ್ಗವನ್ನು 257ರಿಂದ ಭಾಗಿಸಿದರೆ ಶೇಷ 1. ಮತ್ತೆ ವರ್ಗ ಮಾಡಿದರೂ 1. ಅಲ್ಲಿಗೆ 32ನೇ ಘಾತ ಬಂತು. 1 ಕೂಡಿಸಿದರೆ ಶೇಷ 2. ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ.

6700417 ಅವಿಭಾಜ್ಯವೇ. ವರ್ಗಮೂಲ ಸುಮಾರು 2588, ಅಲ್ಲಿವರೆಗೆ ಅದೇ ಜಾತಿಯ ಸಂಖ್ಯೆಗಳನ್ನು ನೋಡಿದರೆ ಸಾಕು.

ಈಗ ಅವಳು 2ರ 64ನೇ ಘಾತಕ್ಕೆ 1 ಕೂಡಿಸಿಕೊಂಡು ಕೂತಿದ್ದಾಳೆ. 1880ರಲ್ಲಿ ಲಾಂಡ್ರಿ ಎಂಬ ಗಣಿತಜ್ಞ ಅದಕ್ಕೆ 274177 ಎಂಬ ಅಪವರ್ತನ ಹುಡುಕಿದ್ದ. ನಮ್ಮ ಕೈಲಿ ಅದಾಗಲ್ಲ, ಸುಮ್ನೆ ಕಂಪ್ಯೂಟರ್ ಬಿಟ್ಟುಕೊಟ್ಟೆ.