ಸಂಘದ ಎಲೆಕ್ಷನ್: 102ರಲ್ಲಿ 41 ಓಟು ಬಂದ್ರೆ ಗೆದ್ದ ಹಾಗಾ?

ಪುಣೆ_ಕನ್ನಡತಿ
ಎಲ್ರಿಗೂ ನಮಸ್ಕಾರ. ಪುಣೆಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಂಘ ಇದೆ. ಹೋದ ತಿಂಗಳು ಅಧ್ಯಕ್ಷರ ಎಲೆಕ್ಷನ್ ಆಯ್ತು, ಮೂರು ಜನ ನಿಂತಿದ್ರು, 102 ಓಟು ಬಿತ್ತು. ಒಬ್ಬರಿಗೆ 41, ಇನ್ನೊಬ್ಬರಿಗೆ 34, ಮತ್ತೊಬ್ಬರಿಗೆ 27. 41 ಬಂದವ್ರು ಗೆದ್ರು ಅಂತ ಆಯ್ತು. ಸಮಸ್ಯೆ ಏನಂದ್ರೆ ಸೋತ ಇಬ್ರೂ ಮಕ್ಕಳ ಭಾನುವಾರದ ಕನ್ನಡ ಕ್ಲಾಸ್ ಇರ್ಲೇಬೇಕು ಅಂದವ್ರು, ಗೆದ್ದವ್ರು ಅದನ್ನ ನಿಲ್ಸಿ ಆ ದುಡ್ಡನ್ನ ರಾಜ್ಯೋತ್ಸವದ ಹಾಲ್ ಬಾಡಿಗೆಗೆ ಹಾಕೋಣ ಅಂದವ್ರು. ಅಂದ್ರೆ 61 ಜನ ಕ್ಲಾಸ್ ಬೇಕು ಅನ್ನೋರಿಗೇ ಓಟ್ ಹಾಕಿದ್ರೂ ಕ್ಲಾಸ್ ನಿಂತೋಯ್ತು. ನನ್ನ ಮಗಳು ಅಕ್ಷರ ಕಲಿತಿದ್ದೇ ಅಲ್ಲಿ, ಸ್ಕೂಲಲ್ಲಿ ಕನ್ನಡ ಇಲ್ವೇ ಇಲ್ಲ, ಅದಕ್ಕೇ ತುಂಬಾ ಸಂಕಟ ಆಗ್ತಿದೆ. ಯಾರೂ ಮೋಸ ಮಾಡಿಲ್ಲ, ಎಣಿಕೆ ಸರಿಯಾಗೇ ಆಗಿದೆ. ಮುಂದಿನ ಜನರಲ್ ಬಾಡಿ ಮೀಟಿಂಗಲ್ಲಿ ಓಟಿನ ಪದ್ಧತಿನೇ ಬದಲಾಯಿಸೋಣ ಅಂತ ಕೆಲವರು ಹೇಳ್ತಿದಾರೆ. ಯಾವ ಪದ್ಧತಿ ಇಟ್ರೆ ಒಳ್ಳೇದು? ಒಂಬತ್ತು ಜನರ ಕಮಿಟಿನೂ ಆರಿಸೋದಿದೆ. ತಿಳಿದೋರು ಹೇಳಿ ಪ್ಲೀಸ್.

ಡೊಂಬಿವಲಿ_ಭಟ್
ಅಕ್ಕ, ನಿಮ್ಮ ಸಂಘದಲ್ಲಿ ಮಾತ್ರ ಅಲ್ಲ, ನಾವು ಎಂಎಲ್ಎ ಎಂಪಿ ಆರಿಸುವುದೂ ಹೀಗೆಯೇ. ಎಲ್ಲರಿಗಿಂತ ಒಂದು ಓಟು ಜಾಸ್ತಿ ಬಿದ್ದರೆ ಸಾಕು, ಅರ್ಧ ದಾಟಬೇಕು ಅಂತ ಇಲ್ಲ. ಊರಿನದ್ದೇ ಲೆಕ್ಕ ನೋಡಿ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ಸುಮಾರು 38% ಓಟು, ಸೀಟು 80. ಬಿಜೆಪಿಗೆ 36%, ಸೀಟು 104. ಮತ್ತೆ 2023ರಲ್ಲಿ ಬಿಜೆಪಿಗೆ ಹೆಚ್ಚುಕಮ್ಮಿ ಅದೇ 36% ಬಂತು, ಸೀಟು ಮಾತ್ರ 66ಕ್ಕೆ ಇಳಿಯಿತು, ಯಾಕೆಂದರೆ ಆ ಸಲ ಜೆಡಿಎಸ್ ಓಟು ಕಮ್ಮಿಯಾಗಿ ಕಾಂಗ್ರೆಸ್ಸು 43% ಹತ್ತಿರ ಹೋಯಿತು. ನಿಮಗೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಎದುರಿನವರ ಓಟು ಹೇಗೆ ಒಡೆಯಿತು ಅನ್ನುವುದೇ ಮುಖ್ಯ ಆಗ್ತದೆ.

ಇದಕ್ಕೆ ಎರಡು ದಾರಿ ಉಂಟು. ಒಂದು, ಫ್ರಾನ್ಸಿನ ಅಧ್ಯಕ್ಷರ ಎಲೆಕ್ಷನ್ ಹಾಗೆ ಎರಡು ಸುತ್ತು, ಮೊದಲ ಸುತ್ತಲ್ಲಿ ಯಾರೂ ಅರ್ಧ ದಾಟದಿದ್ದರೆ ಮೇಲಿನ ಇಬ್ಬರ ಮಧ್ಯೆ ಇನ್ನೊಮ್ಮೆ ಓಟು. ಆದರೆ ಇನ್ನೊಂದು ಭಾನುವಾರ ಜನರನ್ನು ಸೇರಿಸಬೇಕಲ್ಲ, ಅದು ನಿಮಗೇ ಗೊತ್ತು ಎಷ್ಟು ಕಷ್ಟ ಅಂತ. ಎರಡನೆಯದು, ಚೀಟಿಯಲ್ಲೇ 1, 2, 3 ಅಂತ ಬರೆಸುವುದು. ಆಸ್ಟ್ರೇಲಿಯಾದಲ್ಲಿ 1918ರಿಂದ ಇದೇ ನಡೀತಾ ಉಂಟು. ನಿಮ್ಮಲ್ಲಿ ಅರ್ಧ ದಾಟಲಿಕ್ಕೆ 52 ಬೇಕು, ಯಾರಿಗೂ ಇಲ್ಲ, ಆಗ 27ರವರನ್ನು ತೆಗೆದು ಆ 27 ಚೀಟಿಯಲ್ಲಿ 2 ಯಾರಿಗೆ ಉಂಟು ಅಂತ ನೋಡುವುದು. 20 ಚೀಟಿ 34ರವರಿಗೆ, 5 ಚೀಟಿ 41ರವರಿಗೆ, ಎರಡರಲ್ಲಿ ಏನೂ ಬರೆದಿಲ್ಲ ಅಂತ ಇಟ್ಟುಕೊಳ್ಳಿ. 54 ಮತ್ತು 46. ಕ್ಲಾಸ್ ಉಳಿಯಿತು.

ಕೋಥ್ರುಡ್_ಧಾರವಾಡ
ಭಟ್ರು ಹೇಳಿದ್ದು ಖರೇ ಅದ. ಪುಣೆ ಪದವೀಧರ ಕ್ಷೇತ್ರದ (ಡಿಗ್ರಿ ಆದವ್ರು ವಿಧಾನ ಪರಿಷತ್ತಿಗೆ ಆರಸೂದು) ಎಲೆಕ್ಷನ್ನಿಗೆ ಹೋದವ್ರಿಗೆ ಇದು ಹೊಸಾದಲ್ರಿ, ಅಲ್ಲಿ ಬಟನ್ ಇಲ್ಲ, ಪೇಪರಿನ ಮ್ಯಾಲೆ ಅವರು ಕೊಟ್ಟ ಪೆನ್ನಿಂದನ 1, 2 ಅಂತ ಬರೀಬೇಕು. ಟಿಕ್ ಹಾಕಿದ್ರ ಓಟು ರದ್ದು, 1 ಬರೀದ ಬರೇ 2 ಬರದ್ರೂ ರದ್ದು. ಕಲತವ್ರದ ಓಟ ಅಲ್ಲಿ ರದ್ದಾಗ್ತಾವು, ಹಿಂಗಾಗಿ ಚೀಟಿಯ ನಮೂನಾ ಎಲ್ಲಾರಿಗೂ ಮೊದಲ ತೋರಸ್ರಿ.

ನನ್ನ ಚಿಂತಿ ನಿಮ್ಮ ಕಮಿಟಿದು. ಒಬ್ಬೊಬ್ಬರಿಗೂ ಒಂಬತ್ತು ಓಟು ಕೊಟ್ಟ್ರ 52 ಮಂದಿ ಒಂದ ಪ್ಯಾನೆಲ್ಲಿಗೆ ಹಾಕಿ ಒಂಬತ್ತೂ ಸೀಟು ಒಯ್ತಾರ, ಉಳದ 50 ಮಂದಿಗೆ ಒಂದೂ ಇಲ್ಲ. ಹಂಗ ಮಾಡಬ್ಯಾಡ್ರಿ ಅಕ್ಕಾರ. ಒಬ್ಬರಿಗೆ ಒಂದ ಚೀಟಿ, ಅದರಾಗ ನಂಬರ್ ಬರೀಲಿ, ರಾಜ್ಯಸಭಾದಾಗ ಮಾಡಿಧಂಗ. ಒಂಬತ್ತು ಸೀಟಿಗೆ ಒಂದು ಕೂಡಿಸಿದ್ರ ಹತ್ತು, 102ನ್ನ ಆ ಹತ್ತರಿಂದ ಭಾಗಿಸಿ, ದಶಾಂಶ ಬಿಟ್ಟು ಒಂದು ಕೂಡಿಸಿದ್ರ 11. ಹನ್ನೊಂದು ಮಂದಿ ಗಟ್ಟಿಯಾಗಿ ಒಬ್ಬರ ಹಿಂದ ನಿಂತ್ರ ಒಂದು ಸೀಟು ಯಾರೂ ಕಸ್ಕೊಳ್ಳಾಕ ಆಗೂದಿಲ್ಲ.

ಹೆಂಗ ಎಣಸ್ತಾರ ಅನ್ನೂದಕ್ಕ 2022ರ ಜೂನ್‌ದಾಗ ಮುಂಬೈ ವಿಧಾನ ಭವನದಾಗ ಎಂಎಲ್ಎಗಳು ಓಟು ಹಾಕಿದ ರಾಜ್ಯಸಭಾ ಎಲೆಕ್ಷನ್ ನೋಡ್ರಿ. ಆರು ಸೀಟು, ಏಳು ಮಂದಿ. ಆರನೇ ಸೀಟಿಗೆ ಶಿವಸೇನೆಯ ಸಂಜಯ್ ಪವಾರ್ ಅವರಿಗೆ ಮೊದಲ ಪ್ರಾಶಸ್ತ್ಯದ ಓಟು 33, ಬಿಜೆಪಿಯ ಧನಂಜಯ ಮಹಾಡಿಕ್ ಅವರಿಗೆ 27. ಗೆದ್ದವ್ರು ಮಹಾಡಿಕ್! ಯಾಕಂದ್ರ ಗೆಲ್ಲಾಕ ಬೇಕಾಗಿದ್ದು ಸುಮಾರು 41, ಬಿಜೆಪಿಯ ಪಿಯೂಷ್ ಗೋಯಲ್, ಅನಿಲ್ ಬೋಂಡೆ ಇಬ್ಬರಿಗೂ 48 48 ಬಿದ್ದಿದ್ವು. ಮಿಕ್ಕಿದ ಏಳೇಳು ಓಟಿನ ಬೆಲೆ ಎರಡನೇ ಪ್ರಾಶಸ್ತ್ಯದವ್ರಿಗೆ ಹರೀತು, ಅದು ಮಹಾಡಿಕ್ ಅವರಿಗೆ ಹೋತು. ಗೆದ್ದವರ ಕಡೆ ಮಿಕ್ಕಿದ್ದೂ ಹಾಳಾಗೂದಿಲ್ಲ, ಅದ ಈ ಪದ್ಧತಿಯ ಜೀವಾಳ.

ವಾಸ್ಕೋದಿಂದ
ಗೋವಾದಲ್ಲೂ ಇದೇ ಗೋಳು. 2022ರಲ್ಲಿ ಬಿಜೆಪಿಗೆ 33% ಓಟು, 40ರಲ್ಲಿ 20 ಸೀಟು, ಉಳಿದ ಮೂರರಲ್ಲಿ ಎರಡು ಪಾಲು ಓಟು ಆರೇಳು ಕಡೆ ಹಂಚಿಹೋಯ್ತು. ಆದ್ರೆ ಒಂದು ಮಾತು ಹೇಳ್ಬೇಕು, ನಂಬರ್ ಪದ್ಧತಿಗೂ ಒಂದು ದೊಡ್ಡ ದೋಷ ಇದೆ. 41ರ ಕಡೆಯವರು ಎಲ್ಲ ತಮ್ಮ ಎರಡನೇ ಆಯ್ಕೆ ಅಂತ 27ರವರನ್ನ ಬರ್ದಿದ್ರು ಅನ್ನಿ, 34ರ ಕಡೆಯವರೂ ಅವರನ್ನೇ ಬರ್ದಿದ್ರು ಅನ್ನಿ. ಆಗ ಒಬ್ಬೊಬ್ಬರ ಎದುರು ಕೂತು ಲೆಕ್ಕ ಹಾಕಿದ್ರೆ 27ರವರು 34ರವರನ್ನ 68-34ರಲ್ಲಿ ಸೋಲಿಸ್ತಾರೆ, 41ರವರನ್ನ 61-41ರಲ್ಲಿ ಸೋಲಿಸ್ತಾರೆ, ಎಲ್ಲರಿಗೂ ಒಪ್ಪಿಗೆ ಆಗೋ ಮನುಷ್ಯ ಅವ್ರೇ, ಆದ್ರೆ ಭಟ್ರ ಲೆಕ್ಕದಲ್ಲಿ ಮೊದಲು ಔಟ್ ಆಗೋದೂ ಅವ್ರೇ. 18ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ ಇಂಥ ಪ್ರಶ್ನೆಗಳಿಗೇ ತಲೆ ಕೆಡಿಸ್ಕೊಂಡಿದ್ದು. ಚೀಟಿ ಅವೇ, ಎಣಿಸೋ ರೀತಿ ಮೂರು, ಗೆಲ್ಲೋರೂ ಮೂರು ಜನ.

ವಯಸ್ಸಾದವರು ಜಾಸ್ತಿ ಇದ್ರೆ ನಾನು ಹೇಳೋದು ಇಷ್ಟೇ: ಒಪ್ಪಿಗೆ ಇರೋ ಎಲ್ಲರ ಹೆಸರ ಮುಂದೆ ಗುರುತು ಹಾಕ್ಲಿ, ಇಬ್ರಿಗೆ ಬೇಕಾದ್ರೂ ಹಾಕ್ಲಿ, ಜಾಸ್ತಿ ಗುರುತು ಬಂದವ್ರು ಅಧ್ಯಕ್ಷರು. ಎಣಿಸೋಕೆ ಹತ್ತು ನಿಮಿಷ.

ಡೊಂಬಿವಲಿ_ಭಟ್
ವಾಸ್ಕೋದವರು ಹೇಳಿದ ದೋಷ ನಿಜ, ಒಪ್ಪುತ್ತೇನೆ. ಆದರೆ ಗುರುತಿನ ಪದ್ಧತಿಯಲ್ಲಿ ಜನ ತಮ್ಮವರಿಗೆ ಎಲ್ಲಿ ಏಟು ಬೀಳ್ತದೋ ಅಂತ ಹೆದರಿ ಒಬ್ಬರಿಗೇ ಹಾಕಿ ಬರ್ತಾರೆ, ಆಗ ಪುನಃ 41, 34, 27. ನಂಬರ್ ಬರೆದರೆ ಆ ಹೆದರಿಕೆ ಇಷ್ಟಿಲ್ಲ, ನಿಮ್ಮ 1 ಔಟ್ ಆಗುವ ತನಕ ನಿಮ್ಮ 2ನ್ನು ಯಾರೂ ನೋಡುವುದೇ ಇಲ್ಲ.

ಪುಣೆ_ಕನ್ನಡತಿ
ತುಂಬಾ ಥ್ಯಾಂಕ್ಸ್ ಎಲ್ರಿಗೂ. ರಾತ್ರಿ ನನ್ನ ಯಜಮಾನ್ರು ನಾನು ಕೂತ್ಕೊಂಡು ಚೀಟಿ ಹರಿದು ಮೂರೂ ರೀತಿ ಎಣಿಸಿ ನೋಡಿದ್ವಿ. ಅಧ್ಯಕ್ಷರಿಗೂ ಕಮಿಟಿಗೂ ನಂಬರ್ ಪದ್ಧತಿನೇ ಇಡೋಣ ಅಂತ ಬರೆದು ಕೊಡ್ತೀನಿ, ಎರಡಕ್ಕೂ ಒಂದೇ ಥರದ ಚೀಟಿ ಇದ್ರೆ ಹಿರಿಯರಿಗೂ ಗೊಂದಲ ಆಗಲ್ಲ. ನಿಯಮ ಬದಲಾಯಿಸಿದ್ರೆ ಕಾಗದಪತ್ರ ಏನಾದ್ರೂ ಕೊಡ್ಬೇಕಾ?

ಕೋಥ್ರುಡ್_ಧಾರವಾಡ
ಟ್ರಸ್ಟ್ ಆ್ಯಕ್ಟಿನಾಗ ರಿಜಿಸ್ಟರ್ ಇದ್ರ ಹೊಸಾ ಕಮಿಟಿ ಬಂದಾಗ ಚಾರಿಟಿ ಕಮಿಷನರ್ ಆಫೀಸಿಗೆ 90 ದಿನದಾಗ ಚೇಂಜ್ ರಿಪೋರ್ಟ್ ಕೊಡಬೇಕ್ರಿ. ನಿಯಮದ ತಿದ್ದುಪಡಿದು ನಿಮ್ಮ ಬೈಲಾದಾಗ ಏನ್ ಬರದದ ನೋಡ್ರಿ, ನೋಟಿಸು ಎಷ್ಟು ದಿನ ಮೊದಲ, ಎಷ್ಟು ಮಂದಿ ಒಪ್ಪಬೇಕು ಅಂತ. ಬೈಲಾದ ಆ ಪುಟದ ಫೋಟೋ ಹಾಕ್ರಿ ಇಲ್ಲಿ, ಹೆಸರು ಮುಚ್ಚಿ ಹಾಕ್ರಿ, ನೋಡಿ ಹೇಳ್ತೀನಿ.