ಬಿಲ್ಲುಗಳೆಲ್ಲ ತಾಳೆಯಾಗಿವೆ, ಯುಸಿಗೆ (ಬಳಕೆ ಪ್ರಮಾಣಪತ್ರಕ್ಕೆ) ಸಹಿ ಹಾಕಬಹುದೇ? (ಪುಣೆ, ಸಂಚಾರಿ ಕ್ಲಿನಿಕ್ ಅನುದಾನ)

ಹಡಪ್ಸರ್ ಕನ್ನಡಿಗ:
ಯರವಡಾ ಕಡೆಯ ವಸತಿಗಳಲ್ಲಿ (ಕೊಳೆಗೇರಿಗಳಲ್ಲಿ) ಸಂಚಾರಿ ಕ್ಲಿನಿಕ್ ನಡೆಸುವ ಟ್ರಸ್ಟ್ ಒಂದರ ಲೆಕ್ಕ ಕೈಯಲ್ಲಿದೆ. ಕೇಂದ್ರದ ಅನುದಾನ, 18 ಲಕ್ಷ. ಔಷಧಿ, ಡೀಸೆಲ್, ಸಂಬಳ, ಶಿಬಿರ ಅಂತ ನಾಲ್ಕು ಬಾಬ್ತು. ವೋಚರ್, ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರೂ ತಾಳೆಯಾಗುತ್ತವೆ. ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ) 12-ಎ ನಮೂನೆಯ ಬಳಕೆ ಪ್ರಮಾಣಪತ್ರಕ್ಕೆ ಸಿಎ ಸಹಿಯೂ ಬೇಕೆಂದು ಮಂಜೂರಾತಿ ಪತ್ರದಲ್ಲಿದೆ. ಸಹಿಗೆ ಮುಂಚೆ ಇನ್ನೇನು ನೋಡಬೇಕು?

ಕೋಥ್ರೂಡ್ ಲೆಕ್ಕಿಗ:
ಬಿಲ್ ತಾಳೆಯಾದರೆ ದುಡ್ಡು ಹೊರಗೆ ಹೋದದ್ದು ಖಚಿತವಾಯಿತು. ರೋಗಿಗೆ ತಲುಪಿತೇ ಅನ್ನೋದು ದಾಸ್ತಾನು ಪುಸ್ತಕದಲ್ಲಿ ಸಿಗುತ್ತೆ. 12-ಎ ನಮೂನೆಯಲ್ಲಿ ಭೌತಿಕ ಪ್ರಗತಿಗೂ ದೃಢೀಕರಣವಿದೆ, ಮರೆಯಬೇಡಿ.

ಔಷಧಿಯಿಂದ ಶುರುಮಾಡಿ. ದೊಡ್ಡ ಮೊತ್ತದ ಹತ್ತು ಬಿಲ್ ಆರಿಸಿ. ಬಿಲ್ಲಿನ ಬ್ಯಾಚ್ ನಂಬರ್ ದಾಸ್ತಾನಿಗೆ ಏರಿದೆಯೇ, ವ್ಯಾನಿಗೆ ಯಾವತ್ತು ಕೊಟ್ಟರು, ಒಪಿಡಿ (ಹೊರರೋಗಿಗಳ) ರಿಜಿಸ್ಟರಿನಲ್ಲಿ ಎಷ್ಟು ಮಾತ್ರೆ ಬರೆದಿದೆ ಅಂತ ಒಂದೊಂದನ್ನೇ ಬೆನ್ನು ಹತ್ತಿ. ಒಟ್ಟು ಅಂದಾಜೂ ಹಾಕಿ. ದಿನಕ್ಕೆ 40 ರೋಗಿಗಳಂತೆ 22 ದಿನಕ್ಕೆ 880 ಭೇಟಿ. ಅರ್ಧ ಜನಕ್ಕೆ ಹತ್ತತ್ತು ಪ್ಯಾರಾಸಿಟಮಾಲ್ ಕೊಟ್ಟರೂ 4,400 ಮಾತ್ರೆ. ಆ ತಿಂಗಳು 12,000 ಕೊಂಡಿದ್ದರೆ ಮಿಕ್ಕ 7,600 ತಿಂಗಳ ಕೊನೆಯ ಬಾಕಿಯಲ್ಲಿ ಕಾಣಬೇಕು. ಪುಸ್ತಕದ ಬಾಕಿ ನಂಬಿ ಕೂರಬೇಡಿ, ಕಪಾಟು ತೆಗೆಸಿ ಎಣಿಸಿ. ಅವಧಿ ಮುಗಿದ ಸ್ಟ್ರಿಪ್‌ಗಳನ್ನು ಬೇರೆ ಎಣಿಸಿ, ಅವನ್ನು ಹಂಚಿದ ಲೆಕ್ಕಕ್ಕೆ ಸೇರಿಸುವುದುಂಟು.

ಡೀಸೆಲ್‌ಗೆ ಲಾಗ್ ಬುಕ್ ಸಾಲದು, ಅದನ್ನು ಬರೆಯುವವರು ಟ್ರಸ್ಟಿನವರೇ. ಗ್ಯಾರೇಜಿನ ಸರ್ವಿಸ್ ಬಿಲ್ಲಿನಲ್ಲಿ ಓಡೋಮೀಟರ್ ಅಂಕಿ ಇರುತ್ತೆ. ಎರಡು ಸರ್ವಿಸ್ ನಡುವಿನ ಕಿ.ಮೀ. ಲಾಗ್ ಬುಕ್ಕಿಗೆ ಹೊಂದುತ್ತಾ ನೋಡಿ.

ಮೂರು ಕೊಟೇಶನ್ ಇದ್ದರೆ ಜಿಎಸ್‌ಟಿ ಸಂಖ್ಯೆಗಳನ್ನು ಅಕ್ಕಪಕ್ಕ ಇಡಿ. 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ್ದು (ಮಹಾರಾಷ್ಟ್ರಕ್ಕೆ 27), ಮುಂದಿನ ಹತ್ತು ಪ್ಯಾನ್. ಅಂಗಡಿಗಳ ಹೆಸರು ಬೇರೆ, ಪ್ಯಾನ್ ಒಂದೇ ಆಗಿದ್ದರೆ ಮೂರೂ ದರ ಒಂದೇ ಮೇಜಿನ ಮೇಲೆ ತಯಾರಾಗಿವೆ ಅಂತಲೇ ಲೆಕ್ಕ.

ಮುಲುಂಡ್ ವಾಸಿ:
ಸಂಬಳದ ಬಾಬ್ತು ಬಿಟ್ಟರೆ ಕೆಲಸ ಅರ್ಧಕ್ಕೇ ನಿಂತಂತೆ. ಒಬ್ಬ ನರ್ಸಿನ ಸಂಬಳವನ್ನು ಸರ್ಕಾರದ ಲೆಕ್ಕದಲ್ಲೂ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ ನಿಧಿ) ಲೆಕ್ಕದಲ್ಲೂ ತೋರಿಸಿದರೆ, ಈ ಅನುದಾನದ ಲೆಡ್ಜರ್ ಮಾತ್ರ ನೋಡುವವರಿಗೆ ಅದು ಗೊತ್ತಾಗುವುದೇ ಇಲ್ಲ. ಟ್ರಸ್ಟಿನ ಎಲ್ಲ ಯೋಜನೆಗಳ ಸಂಬಳ ಪಟ್ಟಿ ಒಟ್ಟಿಗೆ ತರಿಸಿ, ಒಬ್ಬೊಬ್ಬರ ಪಾಲು ಕೂಡಿಸಿ. ಶೇ. 100 ದಾಟಬಾರದು. ಮೂಲ ವೋಚರ್ ಮೇಲೆ ಯಾವ ಅನುದಾನದ ಖರ್ಚು ಅಂತ ಸೀಲ್ ಇಲ್ಲದಿದ್ದರೆ ನಿಮ್ಮ ಎದುರಿಗೇ ಹಾಕಿಸಿ, ಅದೇ ಬಿಲ್ ಇನ್ನೊಂದು ಕಡೆ ಓಡಲ್ಲ.

ಮುಂಗಡ ಖರ್ಚಲ್ಲ. ಮಾರ್ಚ್ ಕೊನೆಗೆ ಶಿಬಿರಕ್ಕೆಂದು 20,000 ಕೊಟ್ಟು ಯುಸಿಯಲ್ಲಿ ಖರ್ಚೆಂದು ಬರೆಯುವುದು ತೀರಾ ಮಾಮೂಲು. ಹೊಂದಾಣಿಕೆ ಬಿಲ್ ಬರುವವರೆಗೂ ಅದು ಖರ್ಚಾಗದ ಬಾಕಿಯೇ. ಆ ವಾರದ ಖರೀದಿಗಳಿಗೆ ಡೆಲಿವರಿ ಚಲನ್ ಕೇಳಿ, ಮಾಲು ಏಪ್ರಿಲ್‌ನಲ್ಲಿ ಬಂದಿದ್ದರೆ ಆ ತಾರೀಖು ಹೊರಬೀಳುತ್ತೆ. ಅನುದಾನದ ಮೇಲಿನ ಬ್ಯಾಂಕ್ ಬಡ್ಡಿ ಟ್ರಸ್ಟಿನ ಆದಾಯವಲ್ಲ, ಜಿಎಫ್‌ಆರ್ 2017ರ ನಿಯಮ 230(8)ರಂತೆ ಲೆಕ್ಕ ಅಂತಿಮವಾದ ಕೂಡಲೇ ಭಾರತದ ಸಂಚಿತ ನಿಧಿಗೆ (ಕೇಂದ್ರದ ಖಜಾನೆಗೆ) ಕಟ್ಟಬೇಕು.

ಹಡಪ್ಸರ್ ಕನ್ನಡಿಗ:
ಇಬ್ಬರಿಗೂ ಧನ್ಯವಾದ. ಒಪಿಡಿ ರಿಜಿಸ್ಟರಿನ ಫೋಟೊ ಸಾಕ್ಷಿಗಾಗಿ ಇಟ್ಟುಕೊಳ್ಳಲೇ? ಕ್ಷಯ ರೋಗಿಗಳ ಹೆಸರೂ ಇದೆ.

ಮುಲುಂಡ್ ವಾಸಿ:
ದಯವಿಟ್ಟು ಬೇಡ. ಕ್ರಮಸಂಖ್ಯೆ, ದಿನಾಂಕ, ಔಷಧಿ, ಪ್ರಮಾಣ ಇಷ್ಟನ್ನು ಅಲ್ಲೇ ಕೂತು ನಿಮ್ಮ ವರ್ಕಿಂಗ್ ಪೇಪರಿಗೆ ಇಳಿಸಿಕೊಳ್ಳಿ. ವಸತಿಯಲ್ಲಿ ಮನೆಮನೆಗೆ ಹೋಗಿ ಹೆಸರು ಹಿಡಿದು ವಿಚಾರಿಸಲೂ ಬೇಡಿ, ಕ್ಷಯ ಅಂತ ಅಕ್ಕಪಕ್ಕದವರಿಗೆ ತಿಳಿದರೆ ಆ ರೋಗಿಯ ಕೆಲಸವೇ ಹೋಗಬಹುದು. ಎಚ್‌ಐವಿ ಮಾಹಿತಿಗಂತೂ 2017ರ ಕಾಯ್ದೆಯ ಗೋಪ್ಯತೆ ಇದೆ. ಅದರ ಬದಲು ವ್ಯಾನ್ ನಿಲ್ಲುವ ಜಾಗಕ್ಕೆ ಮುಂಚೆ ತಿಳಿಸದೆ ಒಂದು ದಿನ ಹೋಗಿ ಸಾಲು ಎಣಿಸಿ, ಆ ದಿನದ ರಿಜಿಸ್ಟರ್ ಸಂಜೆ ನೋಡಿ.

ಕೋಥ್ರೂಡ್ ಲೆಕ್ಕಿಗ:
ಇನ್ನೊಂದು. ಅದೇ ವಸತಿಯ ಮಹಿಳಾ ಆರೋಗ್ಯ ಸಮಿತಿಯ (ವಸತಿಯ ಹೆಂಗಸರದೇ ಗುಂಪು) ಪುಸ್ತಕ ಎದುರಾದರೆ ಇದೇ ಅಳತೆಗೋಲು ಹಿಡಿಯಬೇಡಿ. ಅವರಿಗೆ ವರ್ಷಕ್ಕೆ ಬರುವುದು 5,000 ರೂಪಾಯಿ. ಫಿನಾಯಿಲ್‌ಗೂ ರಿಕ್ಷಾಕ್ಕೂ ಜಿಎಸ್‌ಟಿ ಬಿಲ್ ಕೇಳಿದರೆ ಆ ಹೆಂಗಸರು ಮುಂದಿನ ವರ್ಷ ದುಡ್ಡನ್ನೇ ಮುಟ್ಟಲ್ಲ. ಸಭೆಯ ಠರಾವು, ನಗದು ಪುಸ್ತಕ, ಸದಸ್ಯೆಯರ ಸಹಿ ಇದ್ದರೆ ಸಾಕು.